ಧರ್ಮಗುರುಗಳ ವಾಣಿಯೂ ನಮ್ಮ ಮನೆಯ ಕನ್ನಡವೂ
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಧರ್ಮಗುರುಗಳ ವಾಣಿಯು ಸಾಮಾಜಿಕ ಜಾಲತಾಣಗಳ ಮೂಲಕ ಮನೆಮನೆಯನ್ನು ಪ್ರವೇಶಿಸಿರುವ ಈ ಕಾಲದಲ್ಲಿ, ಗಡಿನಾಡಿನ ಕನ್ನಡಿಗರಾದ ನಮಗೆ ಅದರಿಂದ ಒದಗಿದ ಲಾಭವೇನು, ನಮ್ಮ ಹೊಣೆಯೇನು ಎಂಬುದನ್ನು ವಿಚಾರಿಸುವುದು ನನ್ನ ಉದ್ದೇಶ.

ಧರ್ಮವು ಆಯಾ ಕಾಲದ ಸಾಧನವನ್ನು ಆಶ್ರಯಿಸುವುದು ಹೊಸತೇನಲ್ಲ. ನಮ್ಮ ಧರ್ಮಪುರಿಯು ತಗಡೂರೆಂದು ಹೆಸರಾಗಿದ್ದ 9ನೆಯ ಶತಮಾನದಲ್ಲಿ, ನೊಳಂಬ ಮಹೇಂದ್ರನ ಆಳ್ವಿಕೆಯಲ್ಲಿ, ಇಲ್ಲಿಯ ಬಸದಿಗೆ ಸಂದ ದತ್ತಿಯನ್ನು ಕನ್ನಡದಲ್ಲಿಯೇ ಕಲ್ಲಿನ ಮೇಲೆ ಕೆತ್ತಿಸಿದರು. 12ನೆಯ ಶತಮಾನದ ಶರಣರು ವಚನವನ್ನೂ, ಅನಂತರದ ಹರಿದಾಸರು ಹಾಡನ್ನೂ ಆಶ್ರಯಿಸಿದರು. ಮುಂದೆ ಅಚ್ಚುಯಂತ್ರ ಬಂದಿತು, ರೇಡಿಯೋ ಬಂದಿತು. ಈಗ ಅಂಗೈಯಲ್ಲಿ ಮೊಬೈಲ್ ಕುಳಿತಿದೆ.

ಅದರ ಶಕ್ತಿಯನ್ನು ನೋಡಿರಿ. ಅಂಗಿಗೆ ಜೇಬನ್ನೇ ಇರಿಸಿಕೊಳ್ಳದೆ ಬಾಳಿದ ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮಿಗಳು 2023ರ ಜನವರಿ 2ರಂದು ದೇಹವಿಟ್ಟರು; ಅವರ ಪ್ರವಚನಗಳು ಮಾತ್ರ ಇಂದಿಗೂ ಯೂಟ್ಯೂಬಿನಲ್ಲಿ ಕೇಳಬರುತ್ತಿವೆ. 2020ರಲ್ಲಿ ಅಗಲಿದ ಬನ್ನಂಜೆ ಗೋವಿಂದಾಚಾರ್ಯರ ಉಪನ್ಯಾಸಗಳೂ ಹಾಗೆಯೇ ಉಳಿದಿವೆ. ಮೈಸೂರಿನಲ್ಲಿ ಹುಟ್ಟಿ ಕೊಯಮತ್ತೂರಿನ ಬಳಿ ನೆಲೆನಿಂತ ಜಗ್ಗಿ ವಾಸುದೇವರ ಇಂಗ್ಲಿಷ್ ಮಾತು ಕನ್ನಡದಲ್ಲಿಯೂ ತಮಿಳಿನಲ್ಲಿಯೂ ಧ್ವನಿ ಪಡೆದು ಬರುತ್ತಿದೆ. ಸಿರಿಗೆರೆಯ ತರಳಬಾಳು ಮಠದ ಶಿವಮೂರ್ತಿ ಶಿವಾಚಾರ್ಯ ಸ್ವಾಮಿಗಳ ಶ್ರಮದಿಂದ ಸಾವಿರಾರು ವಚನಗಳು ಮೊಬೈಲಿನ ತೆರೆಯ ಮೇಲೆ ಮೂಡುತ್ತಿವೆ. 2020ರ ಕೊರೋನಾ ಕಾಲದಲ್ಲಿ ಗುಡಿ-ಮಠಗಳ ಬಾಗಿಲು ಮುಚ್ಚಿದಾಗ, ಪೂಜೆಯನ್ನೂ ಪ್ರವಚನವನ್ನೂ ಅನೇಕರು ಮನೆಯಲ್ಲಿಯೇ ಕುಳಿತು ಕಂಡುದು ನಮಗೆಲ್ಲ ನೆನಪಿದೆ.

ನಮ್ಮ ಪಾಲಿಗೆ ಇದರಿಂದ ಆದ ಉಪಕಾರ ದೊಡ್ಡದು. ಸೇಲಂ ನಗರದ ದೇವಾಂಗ ನೇಕಾರರ ಮನೆಗಳಲ್ಲಿ ಆಡುವುದು ಕನ್ನಡ; ಓದುವುದು ಬರೆಯುವುದು ಹೆಚ್ಚಾಗಿ ತಮಿಳು. ಹೊಸೂರು, ಡೆಂಕಣಿಕೋಟೆ, ತಳಿಯ ಕಡೆಯೂ ಅನೇಕ ಮಕ್ಕಳ ಸ್ಥಿತಿ ಹೀಗೆಯೇ ಆಗುತ್ತಿದೆ. 2006ರ ಕಾನೂನಿನಿಂದ ಶಾಲೆಗಳಲ್ಲಿ ತಮಿಳು ಹಂತಹಂತವಾಗಿ ಕಡ್ಡಾಯವಾಯಿತು. ತಮಿಳನ್ನು ಕಲಿಯುವುದು ನಮಗೆ ಭಾರವಲ್ಲ. ಅದು ನಾವು ಬಾಳುವ ನಾಡಿನ ನುಡಿ. ಆದರೆ ಕನ್ನಡದ ಅಕ್ಷರ ಮರೆಯಾಗುತ್ತಿರುವಾಗ, ಸಂಜೆಯ ಹೊತ್ತು ಅಜ್ಜಿ ಕೇಳುವ ಪ್ರವಚನದ ಮೂಲಕ ತಿಳಿಗನ್ನಡದ ಒಂದೊಂದು ಮಾತು ಮೊಮ್ಮಗುವಿನ ಕಿವಿಗೆ ಬೀಳುವುದು ಸಾಮಾನ್ಯ ಭಾಗ್ಯವೆ?

ಆದರೂ ಎಚ್ಚರ ತಪ್ಪಬಾರದು. ಒಂದು ಗಂಟೆಯ ಪ್ರವಚನದಿಂದ ಅರ್ಧ ನಿಮಿಷದ ತುಣುಕನ್ನು ಕತ್ತರಿಸಿದರೆ, ಹಿಂದುಮುಂದಿಲ್ಲದ ಆ ಮಾತು ಗುರುವಿನ ಅಭಿಪ್ರಾಯಕ್ಕೆ ವಿರುದ್ಧವಾಗಿಯೂ ತೋರಬಹುದು. ನಾವು ಯಾವುದನ್ನು ಹೆಚ್ಚು ಹೊತ್ತು ನೋಡುವೆವೋ ಅಂತಹುದನ್ನೇ ಯಂತ್ರವು ಮತ್ತೆ ಮತ್ತೆ ಮುಂದಿಡುತ್ತದೆ. ಹಿತವಾವುದು, ಅಹಿತವಾವುದು ಎಂಬ ವಿವೇಕ ಅದಕ್ಕಿಲ್ಲ. ಸ್ವಾಮಿಗಳ ಹೆಸರು ಹೇಳಿ ಹಣ ಬೇಡುವ ವಾಟ್ಸಾಪ್ ಸಂದೇಶ ಬಂದರೆ, ಮಠವನ್ನೇ ವಿಚಾರಿಸದೆ ಕಾಸನ್ನೂ ಕಳುಹಿಸಬಾರದು. ಇವೆಲ್ಲಕ್ಕಿಂತ ಮಿಗಿಲಾದ ಕೊರತೆ ಮತ್ತೊಂದುಂಟು. ಎದುರಿನಲ್ಲಿ ಕುಳಿತ ಗುರುವನ್ನು ಶಿಷ್ಯನು ಪ್ರಶ್ನಿಸಬಲ್ಲನು. ತೆರೆಯ ಮೇಲಿನ ಗುರುವನ್ನು ಪ್ರಶ್ನಿಸುವುದು ಬಹಳ ಮಂದಿಗೆ ಸಾಧ್ಯವಿಲ್ಲ. ಶರಣರ ಅನುಭವ ಗೋಷ್ಠಿಗೆ ಜೀವವಿತ್ತದ್ದು ಸಂವಾದವಲ್ಲವೆ?

ಆದುದರಿಂದ ತಮ್ಮಲ್ಲಿ ನನ್ನ ವಿಜ್ಞಾಪನೆ ಇಷ್ಟು. ವಾರಕ್ಕೊಂದು ಸಂಜೆ ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು, ತಮಗೆ ಪ್ರಿಯರಾದ ಯಾವ ಗುರುಗಳದೇ ಆಗಲಿ, ಒಂದು ಪ್ರವಚನವನ್ನು ಮೊದಲಿನಿಂದ ಕೊನೆಯವರೆಗೆ ಕೇಳಿರಿ. ಆಮೇಲೆ ಮಕ್ಕಳು ಪ್ರಶ್ನೆ ಕೇಳಲಿ. ತಿಳಿದಷ್ಟನ್ನು ಹಿರಿಯರು ಹೇಳಲಿ, ತಿಳಿಯದುದನ್ನು ಕೂಡಿ ಹುಡುಕಲಿ. ಅದೇ ಮೊಬೈಲಿನಲ್ಲಿ ಒಂದು ವಚನವನ್ನು ತೆರೆದು, ಮಗುವಿನಿಂದ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಿಸಿರಿ. ಕೇಳಿದುದರ ಸಾರವನ್ನು ನಾಲ್ಕು ಸಾಲು ಕನ್ನಡದಲ್ಲಿ ಬರೆಯಿಸಿರಿ. ಬರೆಯಲಾರದ ಮಕ್ಕಳಿಗೆ ಕಲಿಸಲು ನಮ್ಮ ಸಂಘವು ಭಾನುವಾರದ ಅಕ್ಷರವರ್ಗವನ್ನು ನಡೆಯಿಸುವುದಾದರೆ, ನನ್ನ ಕೈಲಾದ ಸೇವೆಯನ್ನು ಸಲ್ಲಿಸಲು ಸಿದ್ಧನಿದ್ದೇನೆ.

ಕಿವಿಯಿಂದ ಬಂದ ಕನ್ನಡ ಒಂದು ತಲೆಮಾರಿಗೆ ಸಾಕಾದೀತು. ಅಕ್ಷರವೂ ಅದರೊಡನೆ ಬಂದರೆ, ನಮ್ಮ ಮೊಮ್ಮಕ್ಕಳೂ ತಗಡೂರಿನ ಕಲ್ಲಿನ ಮುಂದೆ ನಿಂತು, ಇದು ನಮ್ಮ ನುಡಿಯೆಂದು ಗುರುತಿಸಬಲ್ಲರು.