ಕಣ್ಕಟ್ಟಿನ ಕೆಲಸಗಾರ

(ಕಾರ್ಮಿಕರ ವಾಚನಾಲಯದ ಸಂಜೆಯ ಸಭೆಯಲ್ಲಿ ಮಾಡಿದ ಭಾಷಣ)

ಜಾತ್ರೆಯಲ್ಲಿ ಯಕ್ಷಿಣಿಗಾರನ ಆಟವನ್ನು ನಾವೆಲ್ಲರೂ ನೋಡಿದ್ದೇವೆ. ಬರಿದಾದ ಬುಟ್ಟಿಯಿಂದ ಪಾರಿವಾಳ ಹಾರುತ್ತದೆ. ನುಂಗಿದ ಗುಂಡು ಕಿವಿಯಿಂದ ಬರುತ್ತದೆ. ಚಪ್ಪಾಳೆ ತಟ್ಟಿ, ಕಾಸು ಹಾಕಿ ಮನೆಗೆ ಬರುತ್ತೇವೆ. ಯಾರೂ ಆತನ ಕಾಲಿಗೆ ಬೀಳುವುದಿಲ್ಲ. ಆದರೆ ಅದೇ ಕೈಚಳಕವನ್ನು ಇನ್ನೊಬ್ಬನು ಮಂತ್ರ ಹೇಳಿ ಮಾಡಿದರೆ, ಮೈಮೇಲಿನ ಒಡವೆ ಒತ್ತೆಯಿಟ್ಟಾದರೂ ಹಣ ಸುರಿಯುತ್ತೇವೆ. ಈ ಎರಡಕ್ಕೂ ಇರುವ ಅಂತರವನ್ನು ತನ್ನ ಬಾಳಿನಿಂದಲೇ ತೋರಿಸಿಕೊಟ್ಟವನು ಹ್ಯಾರಿ ಹೂಡಿನಿ. ಆತನ ಕತೆಯನ್ನು ಈ ಸಂಜೆ ಹೇಳುತ್ತೇವೆ.

ಹುಟ್ಟು ಹೆಸರು ಎರಿಕ್ ವೈಸ್. 1874ರಲ್ಲಿ ಹಂಗೇರಿಯ ಬುಡಾಪೆಸ್ಟಿನಲ್ಲಿ ಹುಟ್ಟಿದ. ತಂದೆ ಯೆಹೂದಿ ಪುರೋಹಿತ. ಸಂಸಾರ ಅಮೆರಿಕಕ್ಕೆ ಹೋಗಿ ವಿಸ್ಕಾನ್ಸಿನ್ ರಾಜ್ಯದ ಆಪಲ್ಟನ್ ಎಂಬ ಸಣ್ಣ ಪಟ್ಟಣದಲ್ಲಿ ನೆಲೆಸಿತು. ಮುಂದೆ ಅದೇ ತನ್ನ ಹುಟ್ಟೂರೆಂದು ಆತ ಹೇಳಿಕೊಳ್ಳುತ್ತಿದ್ದ. ಅಲ್ಲಿ ತಂದೆಯ ಕೆಲಸ ಹೋಯಿತು. ಹುಡುಗ ಪತ್ರಿಕೆ ಮಾರಿದ, ಬೂಟು ಒರೆಸಿದ. ನ್ಯೂಯಾರ್ಕಿಗೆ ಬಂದ ಮೇಲೆ ನೆಕ್‌ಟೈ ಕಾರಖಾನೆಯಲ್ಲಿ ಬಟ್ಟೆ ಕತ್ತರಿಸುವ ಕೆಲಸಕ್ಕೆ ಸೇರಿದ. ಗಿರಣಿಯ ಬಂಧುಗಳೆ, ಆತ ನಿಮ್ಮ ಪೈಕಿಯವನೇ.

1891ರಲ್ಲಿ ಆ ಕೆಲಸ ಬಿಟ್ಟು ಆಟಕ್ಕಿಳಿದ. ಫ್ರಾನ್ಸಿನ ಯಕ್ಷಿಣಿಗಾರ ರಾಬರ್ಟ್-ಹೂಡಿನ್ನನ ಹೆಸರಿನಿಂದ ತನ್ನ ಹೆಸರು ಮಾಡಿಕೊಂಡ. 1894ರಲ್ಲಿ ಕೈಹಿಡಿದ ಬೆಸ್ ಆಟದಲ್ಲಿಯೂ ಜೊತೆಗಾರ್ತಿಯಾದಳು. ಸಣ್ಣ ಸರ್ಕಸ್ಸು, ಅಗ್ಗದ ಪ್ರದರ್ಶನಶಾಲೆ, ದಿನಕ್ಕೆ ಹತ್ತಾರು ಆಟ, ಅರೆಹೊಟ್ಟೆ. ಆ ಹಸಿವಿನ ಕಾಲದಲ್ಲಿ ಆತನೂ ತಪ್ಪು ಮಾಡಿದ. ಔಷಧಿ ಮಾರುವವರ ತಂಡದೊಡನೆ ಅಲೆಯುತ್ತ, ಸತ್ತವರ ಸಂದೇಶ ಹೇಳುತ್ತೇನೆಂದು ವೇದಿಕೆಯ ಮೇಲೆ ಕುಳಿತ. ಜನ ನಂಬಿದರು. ಅವರ ದುಃಖದೊಡನೆ ಆಟವಾಡಿದ್ದಕ್ಕಾಗಿ ತಾನು ಪಶ್ಚಾತ್ತಾಪಪಟ್ಟೆನೆಂದು ಮುಂದೆ ಆತನೇ ಬರೆದ.

1899ರಲ್ಲಿ ನಾಟಕಶಾಲೆಗಳ ವ್ಯವಸ್ಥಾಪಕ ಮಾರ್ಟಿನ್ ಬೆಕ್ ಆತನ ಬೇಡಿ ಬಿಚ್ಚುವ ಆಟ ಕಂಡು ಅವಕಾಶ ಕೊಟ್ಟ. ಮರುವರ್ಷ ಹೂಡಿನಿ ಯೂರೋಪಿಗೆ ಹೋದ. ಜರ್ಮನಿಯ ಪೋಲೀಸಿನವನೊಬ್ಬ ಈತ ವಂಚಕನೆಂದಾಗ, 1902ರಲ್ಲಿ ಕೊಲೋನ್ ನಗರದ ಕೋರ್ಟಿಗೆ ಹೋಗಿ ಗೆದ್ದು ಬಂದ. 1904ರಲ್ಲಿ ಲಂಡನ್ನಿನಲ್ಲಿ ಸುಮಾರು 4,000 ಜನರೆದುರು, ತಯಾರಿಗೆ ಐದು ವರ್ಷ ಹಿಡಿಯಿತೆಂದು ಹೇಳಲಾದ ಕೈಬೇಡಿಯಿಂದ ಒಂದು ಗಂಟೆಗೂ ಮೀರಿ ಹೆಣಗಿ ಬಿಡಿಸಿಕೊಂಡ. ಇದರಲ್ಲಿ ಮಂತ್ರವೇನೂ ಇರಲಿಲ್ಲ. ಬೀಗಗಳ ಒಳಮೈಯನ್ನು ಆತ ಕಸಬಿನವನಂತೆ ಬಲ್ಲವನಾಗಿದ್ದ. ನೀರಿನಲ್ಲಿ ಉಸಿರು ಹಿಡಿಯುವುದನ್ನು ಕಲಿಯಲು ಮನೆಯಲ್ಲಿಯೇ ದೊಡ್ಡ ತೊಟ್ಟಿ ಮಾಡಿಸಿಕೊಂಡಿದ್ದ. ನೀವು ಮಗ್ಗದ ಮುಂದೆ ಕೈ ಪಳಗಿಸಿದ್ದೂ ಹೀಗೆಯೇ ಅಲ್ಲವೆ?

1913ರಲ್ಲಿ ತಾಯಿ ತೀರಿಕೊಂಡಳು. ಆಕೆಯೆಂದರೆ ಆತನಿಗೆ ಪ್ರಾಣ. 1922ರಲ್ಲಿ ಪತ್ತೇದಾರಿ ಕತೆಗಳ ಪ್ರಸಿದ್ಧ ಲೇಖಕ ಕಾನನ್ ಡಾಯ್ಲ್, ನಿನ್ನ ತಾಯಿಯ ಆತ್ಮವನ್ನು ನನ್ನ ಹೆಂಡತಿ ಕರೆಸುತ್ತಾಳೆಂದ. ಆಕೆ ಪುಟಗಟ್ಟಲೆ ಬರೆದಳು. ಪತ್ರ ಇಂಗ್ಲಿಷಿನಲ್ಲಿತ್ತು, ತಾಯಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಮೇಲ್ಗಡೆ ಶಿಲುಬೆಯ ಗುರುತಿತ್ತು. ತಾಯಿ ಯೆಹೂದಿ ಪುರೋಹಿತನ ಹೆಂಡತಿ!

ನಾವು ಮಾಸ್ತರರಾಗಿದ್ದಾಗ, ಕೂಸು ಸತ್ತ ಮನೆಯೊಂದಕ್ಕೆ ಒಬ್ಬನು ಬಂದು, ಅದರ ದನಿ ಕೇಳಿಸುತ್ತೇನೆಂದು ತಿಂಗಳ ಪಗಾರವನ್ನೇ ಹೊತ್ತೊಯ್ದದ್ದನ್ನು ಕಂಡಿದ್ದೇವೆ. ಆ ತಾಯಿ ದಡ್ಡಳಾಗಿರಲಿಲ್ಲ. ದುಃಖದಲ್ಲಿದ್ದಳು, ಅಷ್ಟೆ. ಕಾನನ್ ಡಾಯ್ಲನೂ ಯುದ್ಧದ ಕಾಲದಲ್ಲಿ ಮಗನನ್ನು ಕಳೆದುಕೊಂಡವನು. ಓದು ಎಷ್ಟಿದ್ದರೇನು, ದುಃಖದ ಬಾಗಿಲಿಗೆ ಅಗುಳಿಯಿಲ್ಲ. ವಂಚಕನು ಒಳಗೆ ಬರುವುದು ಅಲ್ಲಿಂದಲೇ.

ಹೂಡಿನಿ ಅಂಥವರ ಬೆನ್ನು ಹತ್ತಿದ. ವೇಷ ಮರೆಸಿಕೊಂಡು ಅವರ ಕತ್ತಲ ಕೋಣೆಗೆ ಹೋಗಿ ಹಿಡಿದು ಕೊಟ್ಟ. ಅವರ ಉಪಾಯಗಳನ್ನು ವೇದಿಕೆಯ ಮೇಲೆ ಬೆಳಕಿನಲ್ಲಿ ಮಾಡಿ ತೋರಿಸಿದ. ತಾನು ಧರ್ಮದ ವಿರೋಧಿಯಲ್ಲ, ಮೋಸದ ವಿರೋಧಿ ಎಂದ. ವಾಷಿಂಗ್ಟನ್ನಿನಲ್ಲಿ ಹಣಕ್ಕಾಗಿ ಭವಿಷ್ಯ ಹೇಳುವುದನ್ನು ನಿಷೇಧಿಸುವ ಮಸೂದೆಯ ಪರವಾಗಿ 1926ರಲ್ಲಿ ಶಾಸನಸಭೆಯ ಸಮಿತಿಯೆದುರು ಸಾಕ್ಷಿ ನುಡಿದ. ಮಸೂದೆ ಕಾಯಿದೆಯಾಗಲಿಲ್ಲ. ಅದೇ ಅಕ್ಟೋಬರಿನಲ್ಲಿ ಡೆಟ್ರಾಯಿಟ್ ನಗರದಲ್ಲಿ ಸುಡುವ ಜ್ವರದಲ್ಲಿಯೂ ಆಟವಾಡಿದ. ಅಪೆಂಡಿಕ್ಸ್ ಒಡೆದು ಹೊಟ್ಟೆಯೆಲ್ಲ ನಂಜಾಗಿತ್ತು. 31ನೆಯ ತಾರೀಖು ತೀರಿಕೊಂಡ. ವಯಸ್ಸು 52.

ಸತ್ತ ಮೇಲೆ ಮಾತಾಡಲು ಸಾಧ್ಯವಾದರೆ ಇಂಥದೊಂದು ಗುಟ್ಟಿನ ಮಾತು ಹೇಳುತ್ತೇನೆಂದು ಬೆಸ್ಸಳಿಗೆ ಹೇಳಿಟ್ಟಿದ್ದ. ಆಕೆ ಹತ್ತು ವರ್ಷ ಕಾದಳು. 1936ರಲ್ಲಿ, ಆತ ಸತ್ತ ದಿನವೇ, ಕೊನೆಯ ಸಲ ಕರೆಸಿದಳು. ಉತ್ತರ ಬರಲಿಲ್ಲ. ಬಂತೆಂದು ಒಂದು ಸುಳ್ಳು ಹೇಳಿದ್ದರೆ ಜನ ಸಾಲುಗಟ್ಟಿ ಹಣ ಸುರಿಯುತ್ತಿದ್ದರು. ಆಕೆ ದೀಪ ಆರಿಸಿ ಎದ್ದಳು.

ಅಂಗಡಿಕಾರ ಬಂಧುಗಳೆ, ತಕ್ಕಡಿಯನ್ನು ಗಿರಾಕಿಯ ಕಣ್ಣೆದುರು ಹಿಡಿಯುವವರು ನೀವು. ಅದೇ ಲೆಕ್ಕ ಇಲ್ಲಿಯೂ ಇರಲಿ. ನಿಮ್ಮ ಕಣ್ಣು ಕಟ್ಟುತ್ತೇನೆಂದು ಮೊದಲೇ ಹೇಳಿ ಕಾಸು ಕೇಳುವವನಿಗೆ ಸಂತೋಷದಿಂದ ಕೊಡಿ, ಆತ ದುಡಿದಿದ್ದಾನೆ. ನಿಮ್ಮ ಕಣ್ಣೀರು ನೋಡಿ ದರ ಕಟ್ಟುವವನನ್ನು ಹೊಸಿಲಿನ ಆಚೆಗೇ ನಿಲ್ಲಿಸಿ.