ಪದವಿ ಬೇರೆ, ಪರವಾನಗಿ ಬೇರೆ



ಕವಿತಾಳದಲ್ಲಿ ನಾನು ಓದಿಸಿದ ಹುಡುಗನೊಬ್ಬ ಆಸ್ಟ್ರೇಲಿಯಾಕ್ಕೆ ಹೋಗಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಪದವಿ ಪಡೆದ. ಅದಕ್ಕಾಗಿ ತಂದೆ ಹೊಲ ಒತ್ತೆ ಇಟ್ಟಿದ್ದರು. ಎಲೆಕ್ಟ್ರಿಷಿಯನ್ ಕೆಲಸ ಮಾಡಿ ಸಾಲ ತೀರಿಸುವ ಆಸೆ ಅವನದು. ಒಂದು ದಿನ ಫೋನಿನಲ್ಲಿ, "ಸರ್, ಪದವಿ ಇದ್ದರೂ ಇಲ್ಲಿ ಒಂದು ಸ್ವಿಚ್ ಬದಲಿಸುವಂತಿಲ್ಲ" ಎಂದು ಅತ್ತ. ಅಲ್ಲಿ ಸುಮಾರು 4 ವರ್ಷ ಅಪ್ರೆಂಟಿಸ್ ಆಗಿ ಕಲಿತು, ಆಯಾ ರಾಜ್ಯದ ಲೈಸೆನ್ಸ್ ಪಡೆದವರಿಗೇ ಆ ಕೆಲಸ.

ನಮ್ಮಲ್ಲೂ ಹಾಗೆಯೇ. 2 ವರ್ಷದ ಐ.ಟಿ.ಐ. ಮುಗಿದ ಮೇಲೂ ವಿದ್ಯುತ್ ಪರಿವೀಕ್ಷಣಾಲಯದ ವೈರ್‌ಮನ್ ಪರ್ಮಿಟ್ ಪಡೆಯಬೇಕು. ಸೌದಿಗೆ ಎಲೆಕ್ಟ್ರಿಷಿಯನ್ ಆಗಿ ಹೋಗುವವರು ಈಗ ಇಲ್ಲಿಯೇ ಕೌಶಲ್ಯ ಪರೀಕ್ಷೆ ಪಾಸಾಗಬೇಕು. ಇದರಲ್ಲಿ ತಪ್ಪಿಲ್ಲ, ಒಂದು ವೈರು ತಪ್ಪಿದರೆ ಒಂದು ಜೀವ ಹೋಗುತ್ತದೆ.

ಮಕ್ಕಳೇ, ಕೋರ್ಸಿಗೆ ಸೇರುವ ಮೊದಲೇ ಕೇಳಿ: ಇದರಿಂದ ಲೈಸೆನ್ಸ್ ಸಿಗುತ್ತದೆಯೇ? ಏಜೆಂಟನನ್ನಲ್ಲ, ಲೈಸೆನ್ಸ್ ಕೊಡುವ ಕಚೇರಿಯನ್ನೇ ಕೇಳಿ. ಅಪ್ರೆಂಟಿಸ್ ಪತ್ರ, ಸಂಬಳದ ಚೀಟಿ ಜೋಪಾನವಾಗಿಡಿ.

ಹಿರಿಯರಲ್ಲಿ ನನ್ನದೊಂದು ಕೋರಿಕೆ: ಕಾಲೇಜಿನ ಫೀಸಿನ ಜೊತೆಗೆ ಪರ್ಮಿಟ್‌ನ ಫೀಸನ್ನೂ ವಿದ್ಯಾರ್ಥಿವೇತನದಲ್ಲಿ ಸೇರಿಸಿ. ಆ ಹುಡುಗ ಈಗ ಅಪ್ರೆಂಟಿಸ್ ಆಗಿ ಮೊದಲ ಮೆಟ್ಟಿಲಿನಿಂದ ಶುರು ಮಾಡಿದ್ದಾನೆ. ಹೊಲ ಇನ್ನೂ ಒತ್ತೆಯಲ್ಲಿದೆ.

ಅಲ್ಲಾಹನು ನಿಮ್ಮ ದುಡಿಮೆಗೆ ಬರಕತ್ ಕೊಡಲಿ.