ಕೈಯಾರೆ ಮಾಡಿದ ಉಡುಗೊರೆ ಮತ್ತು ನಮ್ಮ ಮಕ್ಕಳ ಓದು

(ಸಂಘದ ವಾರ್ಷಿಕೋತ್ಸವದ ಅಂಗವಾಗಿ ಏರ್ಪಡಿಸಿದ್ದ ವಿದ್ಯಾರ್ಥಿಗಳ ಕರಕುಶಲ ಶಿಬಿರದಲ್ಲಿ ಮಾಡಿದ ಭಾಷಣದ ಬರಹರೂಪ)



ನನ್ನ ಕೈಯಲ್ಲಿರುವ ಈ ಪುಟ್ಟ ಡಬ್ಬಿಯನ್ನು ನೋಡಿ. ಒಂದು ಡ್ರಾಯಿಂಗ್ ಶೀಟಿನ ತುಂಡು ಇದು. ಒಳಗೆ ಎಂಟು ಖರ್ಜೂರ ಹಿಡಿಸುತ್ತದೆ. ಮುಚ್ಚಳದ ಮೇಲೆ ಒಂದು ಬಳ್ಳಿ, ಬಳ್ಳಿಯ ನಡುವೆ ಉರ್ದುವಿನಲ್ಲಿಯೂ ಕನ್ನಡದಲ್ಲಿಯೂ 'ಈದ್ ಮುಬಾರಕ್'. ಅಂಚಿನಲ್ಲಿ ಕತ್ತರಿಸಿ ಅಂಟಿಸಿದ ಚಂದ್ರ, ನಕ್ಷತ್ರ. ಅಲ್ಲಲ್ಲಿ ಬಣ್ಣದ ಚುಕ್ಕೆ. ಇದನ್ನು ಮಾಡಿದವಳು ಎಂಟನೇ ತರಗತಿಯ ಹುಡುಗಿ. ಇದಕ್ಕೆ ಬೇಕಾದದ್ದು ಮೂರೇ ಕೆಲಸ: ಅಚ್ಚು ಒತ್ತುವುದು, ಆಕಾರ ಕತ್ತರಿಸುವುದು, ಬಣ್ಣ ಹಾಕುವುದು. ಈ ಮೂರನ್ನು ಮಕ್ಕಳಿಗೆ ಕಲಿಸಲು ಹೋಗಿ ನಾನು ಏನು ಕಲಿತೆ, ಎಲ್ಲಿ ಎಡವಿದೆ ಎಂಬುದನ್ನು ತಮ್ಮ ಮುಂದೆ ಇಡಲು ಬಂದಿದ್ದೇನೆ.

ಮೊದಲು ಅಚ್ಚಿನ ವಿಷಯ. ಬಟ್ಟೆಯ ಮೇಲೆ ಮರದ ಅಚ್ಚು ಒತ್ತುವ ಕಲೆ ನಮ್ಮ ದೇಶದಲ್ಲಿ ಬಹಳ ಹಳೆಯದು. ರಬ್ಬರಿನ ಅಚ್ಚು ಮಾತ್ರ ಈಚಿನದು. ಹಸಿ ರಬ್ಬರ್ ಬಿಸಿಲಿಗೆ ಅಂಟಂಟಾಗುತ್ತಿತ್ತು, ಚಳಿಗೆ ಬಿರುಸಾಗುತ್ತಿತ್ತು. ಅದಕ್ಕೆ ಗಂಧಕ ಬೆರೆಸಿ ಕಾಯಿಸಿದರೆ ಗಟ್ಟಿಯಾಗಿ ಬಾಳುತ್ತದೆ ಎಂಬುದನ್ನು ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ಕಂಡುಕೊಂಡರು. 1860ರ ದಶಕದಲ್ಲಿ ಅದೇ ದೇಶದಲ್ಲಿ ರಬ್ಬರ್ ಸ್ಟಾಂಪ್ ಬಳಕೆಗೆ ಬಂತು. ಅಲ್ಲಿಂದ ಮುಂದೆ ಕಚೇರಿಯ ಮೇಜಿನ ಮೇಲೆ ಅದು ಕುಳಿತದ್ದು ನಮಗೆಲ್ಲ ಗೊತ್ತು. ಅದನ್ನು ಕಂಡರೆ ಸಾಹೇಬರ ಸಹಿ ನೆನಪಾಗುತ್ತದೆಯೇ ಹೊರತು ಹೂಬಳ್ಳಿ ನೆನಪಾಗುವುದಿಲ್ಲ.

ನಮ್ಮ ಮಕ್ಕಳು ಅಂಗಡಿಯ ಸ್ಟಾಂಪನ್ನು ಕೊಳ್ಳುವುದಿಲ್ಲ. ಪೆನ್ಸಿಲ್ ಅಳಿಸುವ ದೊಡ್ಡ ರಬ್ಬರನ್ನೇ ಕೆತ್ತಿ ಅಚ್ಚು ಮಾಡುತ್ತಾರೆ. ಬೇಡವಾದ ಜಾಗವನ್ನು ಕೆತ್ತಿ ತೆಗೆಯಬೇಕು, ಉಬ್ಬಿ ಉಳಿದದ್ದು ಮಾತ್ರ ಕಾಗದದ ಮೇಲೆ ಮೂಡುತ್ತದೆ. ಹೇಳುವುದು ಸುಲಭ. ಮೊದಲ ವರ್ಷ ನಾನು ಬಹಳ ಉತ್ಸಾಹದಿಂದ ರಬ್ಬರಿನ ಮೇಲೆ ಚೆಂದದ ಉರ್ದು ಅಕ್ಷರದಲ್ಲಿ 'ಈದ್ ಮುಬಾರಕ್' ಬರೆದು, ಒಂದು ಗಂಟೆ ಕೆತ್ತಿ, ನಲವತ್ತು ಮಕ್ಕಳ ಎದುರಿಗೆ ಕಾಗದಕ್ಕೆ ಒತ್ತಿದೆ. ಅಕ್ಷರಗಳೆಲ್ಲ ತಿರುಗುಮುರುಗಾಗಿ ಬಂದವು! ಹಿಂದಿನ ಬೆಂಚಿನಿಂದ ಒಬ್ಬ ಹುಡುಗ, "ಮಿಸ್, ಇದನ್ನು ಕನ್ನಡಿ ಹಿಡಿದು ಓದಬೇಕು" ಎಂದ. ತರಗತಿಯೆಲ್ಲ ನಕ್ಕಿತು, ನಾನೂ ನಕ್ಕೆ. ಆದರೆ ಅಂದಿನ ಪಾಠ ಯಾರೂ ಮರೆಯಲಿಲ್ಲ.

ಉಪಾಯ ಸರಳ. ಟ್ರೇಸಿಂಗ್ ಕಾಗದದ ಮೇಲೆ ಮೆತ್ತನೆಯ ಪೆನ್ಸಿಲಿನಿಂದ ನೇರವಾಗಿ ಬರೆಯಿರಿ. ಬರೆದ ಬದಿಯನ್ನು ರಬ್ಬರಿನ ಮೇಲೆ ಕವುಚಿ ಉಗುರಿನಿಂದ ಉಜ್ಜಿರಿ. ಪೆನ್ಸಿಲಿನ ಕಪ್ಪು ರಬ್ಬರಿಗೆ ಹತ್ತಿ ಅಕ್ಷರ ತಾನಾಗಿ ತಿರುಗಿ ನಿಲ್ಲುತ್ತದೆ. ಆಗ ಒಂದು ತಮಾಷೆ ನಡೆಯುತ್ತದೆ. ರಬ್ಬರಿನ ಮೇಲೆ ಉರ್ದು ಕನ್ನಡದ ಹಾಗೆ ಎಡದಿಂದ ಬಲಕ್ಕೆ ಹೊರಡುತ್ತದೆ, ಕನ್ನಡ ಉರ್ದುವಿನ ಹಾಗೆ ಬಲದಿಂದ ಎಡಕ್ಕೆ ನಡೆಯುತ್ತದೆ. ಎರಡೂ ಭಾಷೆ ಕಲಿಸುವ ನನಗೆ ಇದಕ್ಕಿಂತ ಸಂತೋಷದ ನೋಟ ಬೇರೆ ಸಿಕ್ಕಿಲ್ಲ.

ಎರಡು ಲಿಪಿಗಳ ಕಷ್ಟವೂ ಬೇರೆ ಬೇರೆ. ಕನ್ನಡದ ದುಂಡು ಅಕ್ಷರಗಳ ಹೊಟ್ಟೆಯೊಳಗಿನ ರಬ್ಬರನ್ನು ತೆಗೆಯುವಾಗ ಗೋಡೆ ಒಡೆಯುತ್ತದೆ. ಉರ್ದುವಿನಲ್ಲಿ ಚುಕ್ಕೆಗಳು ಉದುರಿ ಹೋಗುತ್ತವೆ. ಕೆಳಗೆ ಒಂದು ಚುಕ್ಕೆಯಿದ್ದರೆ 'ಬೇ', ಮೂರಿದ್ದರೆ 'ಪೇ', ಮೇಲೆ ಎರಡಿದ್ದರೆ 'ತೇ'. ಚುಕ್ಕೆ ಹೋದರೆ ಅಕ್ಷರವೇ ಹೋಯಿತು. 'ಈದ್ ಮುಬಾರಕ್' ಎಂಬುದರಲ್ಲಿ ಇರುವುದು ಒಟ್ಟು ಮೂರು ಚುಕ್ಕೆ. ಆ ಮೂರನ್ನು ಕೆತ್ತುವುದು ಬಿಟ್ಟು, ಅಚ್ಚು ಒತ್ತಿದ ಮೇಲೆ ಬೆಂಕಿಕಡ್ಡಿಯ ತುದಿಯನ್ನು ಬಣ್ಣದಲ್ಲಿ ಅದ್ದಿ ಇಡಿ ಎಂದು ಹೇಳಿಕೊಟ್ಟೆ. ವರ್ಷಗಟ್ಟಲೆ ಕಾಪಿ ಬರೆಸಿದರೂ ಚುಕ್ಕೆ ಮರೆಯುತ್ತಿದ್ದ ಮಕ್ಕಳು ಚಿನ್ನದ ಬಣ್ಣದ ಆ ಮೂರು ಚುಕ್ಕೆಯನ್ನು ಮರೆಯುವುದಿಲ್ಲ.

ಇನ್ನು ಕತ್ತರಿಸುವುದು. ಮದುವೆ ಕಾರ್ಡಿನ ಬಾಗಿಲು, ಕಮಾನು, ಹೂವು ಎಲ್ಲವೂ ಒಂದೇ ಅಳತೆಯಲ್ಲಿ ಹೇಗೆ ಕತ್ತರಿಸಿಕೊಂಡು ಬರುತ್ತವೆ ಎಂದು ಮಕ್ಕಳು ಕೇಳುತ್ತಾರೆ. ಅವರನ್ನು ಒಂದು ಮುದ್ರಣಾಲಯಕ್ಕೆ ಕರೆದುಕೊಂಡು ಹೋಗಿ ಡೈ ತೋರಿಸಿದೆ. ಪ್ಲೈವುಡ್ ಹಲಗೆಯಲ್ಲಿ ಬೇಕಾದ ಆಕಾರಕ್ಕೆ ಬಗ್ಗಿಸಿದ ಉಕ್ಕಿನ ಪಟ್ಟಿಯನ್ನು ಕೂರಿಸಿರುತ್ತಾರೆ. ಅಂಚು ಹರಿತವಾಗಿದ್ದರೆ ಕಾಗದ ಕತ್ತರಿಸುತ್ತದೆ, ಮೊಂಡಾಗಿದ್ದರೆ ಮಡಿಕೆಯ ಗೆರೆ ಬೀಳುತ್ತದೆ. ಒಮ್ಮೆ ಒತ್ತಿದರೆ ಒಂದು ಡಬ್ಬಿಯ ಪೂರ್ತಿ ನಕ್ಷೆ ಸಿದ್ಧ. ಶಾಲೆಯಲ್ಲಿ ನಮಗೆ ಯಂತ್ರ ಬೇಡ. ಹೂವಿನ ಆಕಾರದ ಒಂದೆರಡು ಪಂಚ್, ಕತ್ತರಿ, ಕಾಗದ ಮಡಿಸುವ ಬುದ್ಧಿ ಇಷ್ಟು ಸಾಕು. ಚೌಕವನ್ನು ಮಡಿಸಿ, ಮತ್ತೆ ಮಡಿಸಿ, ಮೂಲೆಯಲ್ಲಿ ಕತ್ತರಿಸಿ ಬಿಚ್ಚಿದರೆ ನಕ್ಷತ್ರ. ಗಣಿತದ ಮೇಷ್ಟ್ರು ಕಪ್ಪು ಹಲಗೆಯಲ್ಲಿ ಹೇಳುವ ಸಮ್ಮಿತಿ ಕೈಗೇ ಸಿಗುತ್ತದೆ. ಹಳೆಯ ಮದುವೆ ಕಾರ್ಡುಗಳು ಪ್ರತಿ ಮನೆಯಲ್ಲೂ ಇವೆ, ಅವೇ ನಮ್ಮ ಬಣ್ಣದ ಕಾಗದದ ಅಂಗಡಿ.

ಇಲ್ಲಿಯವರೆಗೆ ನಾನು ಹೇಳಿದ್ದು ಸಂತೋಷದ ಮಾತು. ಇನ್ನು ಸ್ವಲ್ಪ ಕಷ್ಟದ ಮಾತು ಹೇಳಬೇಕು. ಹೇಳದಿದ್ದರೆ ಈ ಶಿಬಿರ ಅರ್ಧ ಮಾತ್ರವಾಗುತ್ತದೆ.

ನನ್ನ ಹತ್ತನೇ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು. ಕೈ ಬಹಳ ಚೆನ್ನಾಗಿತ್ತು. ತಾಯಿ ಮನೆಯಲ್ಲಿ ಬೀಡಿ ಕಟ್ಟುತ್ತಿದ್ದರು. ಅಚ್ಚು ಕೆತ್ತಲು ಕಲಿಸಿದ ಮೊದಲ ದಿನವೇ ಆ ಹುಡುಗಿ ಕೇಳಿದ ಪ್ರಶ್ನೆ, "ಮಿಸ್, ಸಾವಿರಕ್ಕೆ ಎಷ್ಟು ಕೊಡ್ತಾರೆ?" ಬೇರೆ ಮಕ್ಕಳು ಬಣ್ಣ ಕೇಳಿದರು, ಅವಳು ಕೂಲಿ ಕೇಳಿದಳು. ಬೀಡಿಯ ಕೂಲಿ ಸಾವಿರದ ಲೆಕ್ಕ. ಕೈಕೆಲಸವೆಂದರೆ ಆ ಮನೆಯಲ್ಲಿ ಅದೊಂದೇ ಅರ್ಥ. ನಾನು ನಕ್ಕು ಸುಮ್ಮನಾದೆ. ಅದು ನನ್ನ ತಪ್ಪು.

ಅರ್ಧವಾರ್ಷಿಕ ಪರೀಕ್ಷೆ ಮುಗಿದ ಮೇಲೆ ಅವಳೂ ಅವಳ ಜೊತೆಯ ಇನ್ನೊಬ್ಬಳೂ ಶಾಲೆಗೆ ಬರುವುದು ನಿಂತಿತು. ಒಂಬತ್ತನೆಯ ದಿನ ಅವಳ ಮನೆಗೆ ಹೋದೆ. ಹಾಸಿದ ಚಾಪೆಯ ಮೇಲೆ ಮದುವೆಯ ಸಿಹಿ ಡಬ್ಬಿಗಳ ರಾಶಿ. ಯಾವುದೋ ಅಂಗಡಿಯವರು ಕತ್ತರಿಸಿದ ಡಬ್ಬಿ ಕೊಟ್ಟು, ಮಡಿಸಿ, ಬಳ್ಳಿಯ ಅಚ್ಚು ಒತ್ತಿ, ಬಣ್ಣದ ಚುಕ್ಕೆ ಇಡಲು ಹೇಳಿದ್ದರು. ಡಬ್ಬಿಗೆ ಎರಡು ರೂಪಾಯಿ. "ಶಾಲೆಗೆ ಯಾಕೆ ಕಳಿಸಲಿಲ್ಲ?" ಎಂದು ಅವಳ ತಾಯಿಯನ್ನು ಕೇಳಿದೆ. ಅವರು ಕೋಪ ಮಾಡಿಕೊಳ್ಳಲಿಲ್ಲ. "ಟೀಚರ್, ಈ ಕೆಲಸ ನೀವೇ ಕಲಿಸಿದ್ದಲ್ವಾ?" ಎಂದರು ಅಷ್ಟೆ. ನನ್ನ ಹತ್ತಿರ ಉತ್ತರವಿರಲಿಲ್ಲ. ಚಹಾ ಕುಡಿದು ಎದ್ದು ಬಂದೆ.

ಎರಡು ದಿನದ ನಂತರ ಆ ಹುಡುಗಿಯೇ ಅಳುತ್ತ ಬಂದಳು. ಐನೂರು ಡಬ್ಬಿಯಲ್ಲಿ ನೂರ ನಲವತ್ತನ್ನು ಅಂಗಡಿಯವರು ವಾಪಸು ಎಸೆದಿದ್ದರು. ಬಳ್ಳಿಯ ಶಾಯಿ ಕೈ ತಗುಲಿದಲ್ಲೆಲ್ಲ ಒರೆಸಿಕೊಂಡು ಹೋಗಿತ್ತು. ಕಾರಣ ನನಗೆ ನೋಡಿದ ಕೂಡಲೇ ತಿಳಿಯಿತು. ಸ್ಟಾಂಪ್ ಪ್ಯಾಡಿನ ಮಾಮೂಲಿ ಶಾಯಿ ಪ್ಯಾಡಿನಲ್ಲಿ ಬೇಗ ಒಣಗದಿರಲೆಂದು ಅದರಲ್ಲಿ ಗ್ಲಿಸರಿನ್‌ನಂಥ ವಸ್ತು ಸೇರಿಸಿರುತ್ತಾರೆ. ಸಾಧಾರಣ ಕಾಗದ ಅದನ್ನು ಹೀರಿಕೊಳ್ಳುತ್ತದೆ. ಹೊಳಪಿನ ಕಾಗದ ಹೀರುವುದಿಲ್ಲ, ಶಾಯಿ ಮೇಲೆಯೇ ಹಸಿಯಾಗಿ ಕೂತಿರುತ್ತದೆ. ಅಂಗಡಿಯವರು ಕೊಟ್ಟದ್ದು ಹೊಳಪಿನ ಡಬ್ಬಿ. ಒಂದನ್ನು ಒತ್ತಿ, ಒಂದು ದಿನ ಇಟ್ಟು, ಬೆರಳಿನಿಂದ ಉಜ್ಜಿ ನೋಡಬೇಕಿತ್ತು. ಅದನ್ನು ನಾನು ಕಲಿಸಿರಲಿಲ್ಲ.

ಅವತ್ತು ಶಾಲೆ ಬಿಟ್ಟ ಮೇಲೆ ಇಬ್ಬರೂ ಕೂತು ಅವಳ ಗಣಿತದ ಪುಸ್ತಕದ ಕೊನೆಯ ಹಾಳೆಯಲ್ಲಿ ಲೆಕ್ಕ ಹಾಕಿದೆವು. ಒಪ್ಪಿಕೊಂಡ ಡಬ್ಬಿ 360, ಕೈಗೆ ಬಂದದ್ದು 720 ರೂಪಾಯಿ. ಶಾಯಿ, ಬಣ್ಣಕ್ಕೆ ತಾನೇ ಹಾಕಿದ್ದು 90. ಉಳಿದದ್ದು 630. ಒಂಬತ್ತು ದಿನ, ದಿನಕ್ಕೆ ಐದು ಗಂಟೆ, ಒಟ್ಟು 45 ಗಂಟೆ. ಭಾಗಿಸಿದಳು. ಗಂಟೆಗೆ 14 ರೂಪಾಯಿ. ಒಂಬತ್ತು ದಿನದ ಪಾಠ ಹೋದದ್ದನ್ನು ಎಲ್ಲಿ ಬರೆಯುವುದು ಎಂದು ಕೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಮ್ಮಿಯ ಬೀಡಿ ಲೆಕ್ಕವನ್ನೂ ಹೀಗೇ ಹಾಕಬಹುದಾ ಮಿಸ್?" ಎಂದಳು.

ಸ್ನೇಹಿತರೇ, ಬಿ.ಎಡ್. ಓದುವಾಗ ನಾವೆಲ್ಲ ಮೂಲ ಶಿಕ್ಷಣದ ಬಗ್ಗೆ ಟಿಪ್ಪಣಿ ಬರೆದು ಅಂಕ ಪಡೆದವರೇ. 1937ರ ಅಕ್ಟೋಬರ್‌ನಲ್ಲಿ ವಾರ್ಧಾದಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಶಿಕ್ಷಣ ಸಮ್ಮೇಳನ ನಡೆಯಿತು. ಕೈಕೆಲಸದ ಮೂಲಕ ಶಿಕ್ಷಣ ಎಂಬ ಯೋಜನೆಯನ್ನು ರೂಪಿಸಲು ನೇಮಿಸಿದ ಸಮಿತಿಗೆ ಡಾ. ಜಾಕಿರ್ ಹುಸೇನ್ ಅಧ್ಯಕ್ಷರು. ಆಗ ಅವರು ದೆಹಲಿಯ ಜಾಮಿಯಾ ಮಿಲ್ಲಿಯಾ ಇಸ್ಲಾಮಿಯಾವನ್ನು ಮುನ್ನಡೆಸುತ್ತಿದ್ದರು, 1967ರಲ್ಲಿ ದೇಶದ ರಾಷ್ಟ್ರಪತಿಯಾದರು. ಕೈಕೆಲಸವನ್ನು ಶಾಲೆಯ ನಡುವೆ ತಂದು ಕೂರಿಸಿದ ಅದೇ ಸಮಿತಿ ಒಂದು ಎಚ್ಚರಿಕೆಯನ್ನೂ ಕೊಟ್ಟಿತ್ತು: ಸಂಪಾದನೆಯ ಕಡೆಗೇ ಒತ್ತು ಬಿದ್ದು, ಶಿಕ್ಷಣದ ಉದ್ದೇಶ ಬಲಿಯಾಗುವ ಅಪಾಯ ಇದೆ ಎಂದು. ಪರೀಕ್ಷೆಗೆ ಆ ಸಾಲನ್ನು ನಾನು ಬಾಯಿಪಾಠ ಮಾಡಿದ್ದೆ. ಅದರ ಅರ್ಥ ತಿಳಿದದ್ದು ಆ ಚಾಪೆಯ ಮುಂದೆ ನಿಂತಾಗ.

2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳನ್ನು ಕಾಯುತ್ತದೆ. ನಮ್ಮ ಹೆಣ್ಣುಮಕ್ಕಳು ಒಂಬತ್ತು, ಹತ್ತನೇ ತರಗತಿಗೆ ಬರುವಾಗ ಆ ವಯಸ್ಸು ದಾಟಿರುತ್ತದೆ. ಅಲ್ಲಿಂದ ಮುಂದೆ ಕಾಯಬೇಕಾದವರು ತಂದೆತಾಯಿ, ಶಿಕ್ಷಕರು, ಮತ್ತು ಇಂಥ ಸಂಘ. ಆದ್ದರಿಂದ ನಮ್ಮ ತರಗತಿಯಲ್ಲಿ ಈಗ ಕೆಲವು ಕಟ್ಟುಪಾಡು ಮಾಡಿಕೊಂಡಿದ್ದೇವೆ.

ಮೊದಲನೆಯದು, ಶಾಲೆ ನಡೆಯುವ ದಿನಗಳಲ್ಲಿ ಹೊರಗಿನ ಕೆಲಸ ಹಿಡಿಯುವುದಿಲ್ಲ. ಅದೇನಿದ್ದರೂ ಏಪ್ರಿಲ್-ಮೇ ರಜೆಯಲ್ಲಿ, ಅದೂ ದಿನಕ್ಕೆ ಎರಡು ಗಂಟೆ ಮೀರದಂತೆ. ಎರಡನೆಯದು, ಬೆಲೆ ಹೇಳುವ ಮೊದಲು ಲೆಕ್ಕ ಬರೆಯಬೇಕು. ಕಾಗದ, ಶಾಯಿ, ಬಣ್ಣ, ಹಾಳಾಗುವ ಹತ್ತರಲ್ಲಿ ಒಂದು, ಜೊತೆಗೆ ತಮ್ಮ ಗಂಟೆ. ಮೂರನೆಯದು, ಮಾದರಿ ಒಂದನ್ನು ಮಾಡಿ, ಒಣಗಿಸಿ, ಉಜ್ಜಿ ನೋಡದೆ ಎರಡನೆಯದಕ್ಕೆ ಕೈ ಹಾಕಬಾರದು. ನಾಲ್ಕನೆಯದು, ಬಳ್ಳಿಯ ನಕ್ಷೆ ಮಾಡಿದವರ ಹೆಸರು ಡಬ್ಬಿಯ ಅಡಿಯಲ್ಲಿ ಇರಬೇಕು. ಸಾವಿರದ ಲೆಕ್ಕದಲ್ಲಿ ಹೆಸರು ಇರುವುದಿಲ್ಲ. ಹೆಸರು ಇರುವ ಕಡೆ ಬೆಲೆ ಕೇಳುವ ಧೈರ್ಯ ಬರುತ್ತದೆ.

ಸಂಘದ ಹಿರಿಯರಲ್ಲಿ ಒಂದು ವಿನಂತಿ. ತಪ್ಪಾಗಿ ತಿಳಿಯಬಾರದು. ಸಮಾರಂಭಗಳಿಗೆ ಅತಿಥಿಗಳಿಗೆಂದು ಮಕ್ಕಳಿಂದ ಕಾರ್ಡು, ಡಬ್ಬಿ ಮಾಡಿಸುತ್ತೀರಿ, ಪ್ರೀತಿಯಿಂದ ಬೆನ್ನು ತಟ್ಟುತ್ತೀರಿ. ಮುಂದಿನ ಸಲ ಬೆಲೆ ಕೇಳಿ, ಕೊಟ್ಟು ಕೊಳ್ಳಿ. ಪರೀಕ್ಷೆಯ ಶುಲ್ಕಕ್ಕೆ ಅರ್ಜಿ ಹಿಡಿದು ನಿಲ್ಲುವ ಹುಡುಗಿ ಅದೇ ಹಣವನ್ನು ತಲೆಯೆತ್ತಿ ಪಡೆಯಲಿ. ಮನೆಯವರಿಗೆ, ಗೆಳತಿಗೆ, ಗುರುಗಳಿಗೆ ಪ್ರೀತಿಯಿಂದ ಮಾಡಿಕೊಡುವುದಕ್ಕೆ ಯಾವ ಬೆಲೆಯೂ ಇಲ್ಲ. ಆದರೆ ಯಾವುದು ಉಡುಗೊರೆ, ಯಾವುದು ದುಡಿಮೆ ಎಂಬುದು ಮಗುವಿಗೆ ತಿಳಿದಿರಬೇಕು.

ಆ ಹುಡುಗಿ ಎಸ್.ಎಸ್.ಎಲ್.ಸಿ. ಪಾಸಾಗಿ ಈಗ ಪಿ.ಯು.ಸಿ. ವಾಣಿಜ್ಯ ವಿಭಾಗದಲ್ಲಿ ಓದುತ್ತಿದ್ದಾಳೆ. ರಜೆಯಲ್ಲಿ ಡಬ್ಬಿ ಮಾಡುತ್ತಾಳೆ, ಬೆಲೆ ತಾನೇ ಹೇಳುತ್ತಾಳೆ. ಅವಳ ಜೊತೆಗಿದ್ದ ಇನ್ನೊಬ್ಬಳು ಶಾಲೆಗೆ ಮರಳಲಿಲ್ಲ. ಎರಡು ಸಲ ಮನೆಗೆ ಹೋದೆ. ಮೂರನೆಯ ಸಲ ಹೋಗುವಷ್ಟರಲ್ಲಿ ಆ ಮನೆಯವರು ಊರು ಬದಲಿಸಿದ್ದರು. ಅವಳು ಕೆತ್ತಿದ ಅಚ್ಚು ನನ್ನ ಮೇಜಿನ ಖಾನೆಯಲ್ಲಿದೆ. ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟರೆ ಈ ರಬ್ಬರ್ ಅದಕ್ಕೆ ಅಂಟಿಕೊಳ್ಳುತ್ತದೆ, ಅದಕ್ಕೇ ಕಾಗದದಲ್ಲಿ ಸುತ್ತಿಟ್ಟಿದ್ದೇನೆ.

ಮಕ್ಕಳೇ, ಮಧ್ಯಾಹ್ನದ ಅವಧಿಯಲ್ಲಿ ನಿಮ್ಮ ಕೈಗೆ ಒಂದೊಂದು ರಬ್ಬರ್, ಒಂದೊಂದು ಟ್ರೇಸಿಂಗ್ ಕಾಗದ ಬರುತ್ತದೆ. ಬ್ಲೇಡನ್ನು ದೊಡ್ಡವರು ಹತ್ತಿರವಿದ್ದಾಗ ಮಾತ್ರ ಹಿಡಿಯಿರಿ, ನಿಮ್ಮಿಂದ ಆಚೆಗೆ ಕೆತ್ತಿರಿ. ಮೊದಲ ಅಚ್ಚಿನಲ್ಲಿ ನಿಮ್ಮ ಹೆಸರನ್ನೇ ಕೆತ್ತಿರಿ. ಚುಕ್ಕೆ ಮರೆಯಬೇಡಿ.